ಪಕ್ಕದ ಮಂಚಕ್ಕೆ ಹೋದ ಮೋಸಂಬಿ

"ಇದು ಆಗಲಿಕ್ಕೇ ಸಾಧ್ಯ ಇಲ್ಲ" ಎಂದವರು ನನ್ನ ದೊಡ್ಡಪ್ಪ. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಅವರದೊಂದು ಉಡುಪಿ ಹೋಟೆಲಿದೆ. ಅದರ ಅಡುಗೆಮನೆಯಲ್ಲಿ ನನ್ನ ಅಪ್ಪ ಮೂವತ್ತು ವರ್ಷಗಳಿಂದ ಸಾಂಬಾರು ಕುದಿಸುತ್ತಿದ್ದಾರೆ. ದಿನಾ ಬೆಳಿಗ್ಗೆ ಲಿಂಬೆಹಣ್ಣಿನ ಗೋಣಿ ಬಂದಿಳಿಯುವ ಜಾಗ ಅದು. ಅಂಥ ಮನೆಯ ಹುಡುಗಿಗೆ ಲಿಂಬೆ ತಿನ್ನದೆ ಬರುವ ರೋಗ ಬಂದಿದೆ ಎಂದರೆ ಅವರು ನಂಬುವುದಾದರೂ ಹೇಗೆ?

"ಎಂತದು ಮಾರಾಯ್ತಿ, ಸ್ಕರ್ವಿಯಾ? ಅದು ಹಿಂದಿನ ಕಾಲದಲ್ಲಿ ಹಡಗಿನವರಿಗೆ ಬರ್ತಿದ್ದದ್ದಲ್ವಾ? ನಾವು ಊರಿಗೆಲ್ಲ ಊಟ ಹಾಕುವವರು. ಯಾರ ಹತ್ರಾನೂ ಹೇಳ್ಬೇಡ, ಗಿರಾಕಿಗಳು ನಗ್ತಾರೆ" ಎಂದರು.

ನಾನು ಬಿ.ಕಾಂ. ಮಾಡುತ್ತೇನೆ ಎಂದಾಗಲೂ ಅವರು 'ಸಾಧ್ಯ ಇಲ್ಲ' ಎಂಬ ಇದೇ ಮಾತು ಹೇಳಿದ್ದರು. ಆಗಲೂ ಅವರ ಮಾತು ಸುಳ್ಳಾಯಿತು, ಈಗಲೂ ಸುಳ್ಳಾಯಿತು. ಎರಡನೆಯದರ ಬಗ್ಗೆ ನನಗೆ ಹೆಮ್ಮೆಯೇನೂ ಇಲ್ಲ.

ನಮ್ಮ ಮನೆಯಲ್ಲಿ ಡಿಗ್ರಿ ಎನ್ನುವುದು ನನ್ನಿಂದ ಶುರು. ಅಪ್ಪ ಐದನೇ ಕ್ಲಾಸಿಗೇ ಊರು ಬಿಟ್ಟು ತಟ್ಟೆ ತೊಳೆಯಲು ಬಂದವರು. ಅಮ್ಮನಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ನಾನು ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ತೆಂಗಿನಕಾಯಿ ಚೀಲಗಳ ನಡುವೆ ಕೂತು ಓದಿದವಳು. ಒಂದು ವರ್ಷ ಫೇಲೂ ಆದೆ, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಪಾಸಾಗಿ, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ಬೇಲಾಪುರದ ಒಂದು ಆಫೀಸಿನಲ್ಲಿ ಕೆಲಸ ಗಿಟ್ಟಿಸಿಕೊಂಡೆ. ಕೆಲಸದ ಆರ್ಡರ್ ಕೈಗೆ ಬಂದ ದಿನ ಅಪ್ಪ ದೊಡ್ಡ ಬಾಣಲೆಯನ್ನು ಒಲೆಗೆ ಏರಿಸಿದರು. ಹೋಟೆಲಿನಲ್ಲಿದ್ದ ಎಲ್ಲ ಗಿರಾಕಿಗಳಿಗೂ ಒಂದೊಂದು ಚಮಚ ಕೇಸರಿಬಾತ್ ಹೋಯಿತು.

ಪರೀಕ್ಷೆಗೆ ಓದುವ ಆ ತಿಂಗಳುಗಳಲ್ಲೇ ನನಗೆ ಎದೆಯುರಿ ಶುರುವಾಗಿತ್ತು. ಅಮ್ಮ ನನ್ನ ಊಟದಿಂದ ಹುಳಿಯನ್ನು ತೆಗೆದುಹಾಕಿದಳು. ಹುಣಸೆ, ಟೊಮೆಟೊ, ಲಿಂಬೆ ಎಲ್ಲಕ್ಕೂ ರಜೆ. ತರಕಾರಿಯನ್ನು ನಾನೇ ಬಿಟ್ಟೆ. ಯಾರೂ ನೋಡದಾಗ ಚಹಾ ಮತ್ತು ಖಾರಿ ಬಿಸ್ಕೆಟ್ಟಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವುದನ್ನು ಓದಿ ಎಲ್ಲ ತಪ್ಪನ್ನೂ ಅಮ್ಮನ ತಲೆಗೆ ಕಟ್ಟಬಾರದು.

ಕೆಲಸಕ್ಕೆ ಸೇರಲು ಮೂರು ವಾರ ಇತ್ತು. ಆಫೀಸನ್ನು ಒಮ್ಮೆ ಹೊರಗಿನಿಂದಾದರೂ ನೋಡಿಬರೋಣವೆಂದು ಕಾಮೋಠೆಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಲ್ಲಿ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಎಂದುಕೊಂಡು ಎರಡು ದಿನ ಓಮದ ನೀರು ಕುಡಿದೆ. ಮೂರನೆಯ ದಿನ ಹತ್ತಿರದ ಆಸ್ಪತ್ರೆಗೆ ಎತ್ತಿಕೊಂಡೇ ಹೋದರು. ಅಪೆಂಡಿಕ್ಸ್ ಒಡೆದುಹೋಗಿತ್ತು. ಹೊಟ್ಟೆಯನ್ನು ನಡುವಿನಲ್ಲಿ ಉದ್ದಕ್ಕೆ ಕೊಯ್ದು, ತೊಳೆದು, ಹೊಲಿದರು.

ಬದುಕಿದೆ. ಅಲ್ಲಿಗೇ ಕಥೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಏಕೆಂದರೆ ಗಾಯ ಕೂಡಲಿಲ್ಲ. ಹೊಲಿಗೆ ಬಿಚ್ಚಿ ಅಕ್ಕನ ಮನೆಗೆ ಕಳಿಸಿದ ನಾಲ್ಕನೇ ದಿನ ಕೆಳಗಿನ ಅರ್ಧ ಬಾಯಿ ಬಿಟ್ಟಿತು. ಮತ್ತೆ ಅದೇ ವಾರ್ಡು, ಕಿಟಕಿ ಪಕ್ಕದ ಅದೇ ಮಂಚ. ದಿನಾ ಡ್ರೆಸ್ಸಿಂಗ್. ಇಂಜೆಕ್ಷನ್ ಬದಲಾಯಿಸಿದರು. ಶುಗರ್ ನೋಡಿದರು, ಇರಲಿಲ್ಲ. ಟಿ.ಬಿ. ಇರಬಹುದೆಂದು ಪರೀಕ್ಷಿಸಿದರು, ಅದೂ ಇರಲಿಲ್ಲ. ಗಾಯ ಮಾತ್ರ ಹಸಿಯಾಗಿಯೇ ಇತ್ತು. ತಿಳಿ ಗುಲಾಬಿ ಬಣ್ಣ, ಅಂಚು ಮೆತ್ತಗೆ, ಮುಟ್ಟಿದರೆ ರಕ್ತ.

ಆಫೀಸಿನವರು ಒಮ್ಮೆ ದಿನ ಮುಂದಕ್ಕೆ ಹಾಕಿಕೊಟ್ಟಿದ್ದರು. ಎರಡನೇ ಪತ್ರಕ್ಕೆ ಬಂದ ಉತ್ತರದಲ್ಲಿ ಕೊನೆಯ ದಿನಾಂಕ ಇತ್ತು. ಅಷ್ಟರೊಳಗೆ ಫಿಟ್‌ನೆಸ್ ಸರ್ಟಿಫಿಕೇಟಿನೊಂದಿಗೆ ಹಾಜರಾಗಬೇಕು, ಇಲ್ಲದಿದ್ದರೆ ಆರ್ಡರ್ ರದ್ದು. ಕೈಯಲ್ಲಿ ಉಳಿದದ್ದು ಐದು ವಾರ. "ಮಾಂಸ ತುಂಬಿಕೊಳ್ಳದಿದ್ದರೆ ಇನ್ನೊಂದು ಆಪರೇಷನ್ ಮಾಡಬೇಕಾಗುತ್ತದೆ" ಎಂದರು ಸರ್ಜನ್. ಇನ್ನೊಂದು ಆಪರೇಷನ್ ಎಂದರೆ ಆ ಕೆಲಸ ಹೋಯಿತೆಂದೇ ಅರ್ಥ. ನಮ್ಮ ಇಡೀ ಮನೆ ಆ ಒಂದು ಗಾಯವನ್ನೇ ನೋಡುತ್ತಾ ಕೂತಿತು.

ಅಮ್ಮ ಸುಮ್ಮನೆ ನೋಡುತ್ತಾ ಕೂರುವವಳಲ್ಲ. ನಮ್ಮ ಕಡೆ ಗಾಯ ಎಂದರೆ ಪಥ್ಯ. ಹುಳಿ ನಂಜು, ಹಣ್ಣು ಶೀತ, ಬದನೆ ತುರಿಕೆ, ಸೊಪ್ಪು ಭೇದಿ. ಅಮ್ಮನ ಅಮ್ಮ ಹಾಗೆಯೇ ಹೇಳಿಕೊಟ್ಟಿದ್ದಳು. ಬಾಣಂತನ, ಮುರಿದ ಕೈ, ಸಿಡುಬು, ಎಲ್ಲವನ್ನೂ ಹಾಗೆಯೇ ಗೆದ್ದು ಬಂದವರು ಅವರು. ಆಪರೇಷನ್ ಆದ ದಿನದಿಂದ ಅಮ್ಮ ಅಕ್ಕನ ಮನೆಯಲ್ಲೇ ಉಳಿದಿದ್ದಳು, ಅಲ್ಲಿಂದ ದಿನಕ್ಕೆ ಎರಡು ಸಲ ಡಬ್ಬಿ ಬರುತ್ತಿತ್ತು: ಕುಚ್ಚಲಕ್ಕಿ ಗಂಜಿ, ಹುರಿದ ಹೆಸರುಬೇಳೆಯ ತೊವ್ವೆ, ತುಪ್ಪ, ಸುಟ್ಟ ಹಪ್ಪಳ. ಏಳು ವಾರ ಒಂದು ಹೊತ್ತೂ ತಪ್ಪಲಿಲ್ಲ. ರಿಕ್ಷಾ ಬಂದ್ ಇದ್ದ ದಿನ ಬಿಸಿಲಲ್ಲಿ ನಡೆದುಕೊಂಡೇ ಬಂದಳು, ಗಂಜಿ ಆರಬಾರದೆಂದು ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು.

ಆಸ್ಪತ್ರೆಯಿಂದಲೂ ಮಧ್ಯಾಹ್ನ ಒಂದು ಟ್ರೇ ಬರುತ್ತಿತ್ತು. ಖಿಚಡಿ, ಕೋಸಂಬರಿಯಂತಹ ಏನೋ ಒಂದು, ಅರ್ಧ ಮೋಸಂಬಿ. ಅಮ್ಮ ಅದನ್ನು ನನ್ನ ಮುಂದೆ ಇಡಲೂ ಬಿಡುತ್ತಿರಲಿಲ್ಲ. ಇಡೀ ಟ್ರೇ ಹಾಗೆಯೇ ಪಕ್ಕದ ಮಂಚಕ್ಕೆ ಹೋಗುತ್ತಿತ್ತು. ಅಲ್ಲಿ ಕಾಲಿನ ಹುಣ್ಣಿಗೆ ಚಿಕಿತ್ಸೆ ಪಡೆಯುತ್ತಿದ್ದ ಮರಾಠಿ ಅಜ್ಜಿಯೊಬ್ಬರಿದ್ದರು, ಪನವೇಲ್ ಕಡೆಯವರು. ವಾರ್ಡಿನವರೆಲ್ಲ ಅವರನ್ನು ಆಜಿ ಎನ್ನುತ್ತಿದ್ದರು. ಆಜಿಗೆ ಹಲ್ಲಿರಲಿಲ್ಲ, ಮೋಸಂಬಿಯನ್ನು ಚೀಪುವ ಶಬ್ದ ಇಡೀ ವಾರ್ಡಿಗೆ ಕೇಳುತ್ತಿತ್ತು.

"ಪೋರಿ, ನಿನ್ನ ಹಣ್ಣು ತಿಂದು ತಿಂದು ನಾನೇ ಮೊದಲು ಮನೆಗೆ ಹೋಗ್ತೀನಿ ನೋಡು" ಎಂದು ನನ್ನನ್ನು ಕೆಣಕುತ್ತಿದ್ದರು.

ಹಾಗೆಯೇ ಆಗುತ್ತಿತ್ತು. ಆಜಿಯ ಹುಣ್ಣು ಒಣಗುತ್ತಾ ಬಂತು. ನನ್ನ ಗಾಯ ಬಿಚ್ಚಿಕೊಂಡಷ್ಟೂ ಅಮ್ಮನ ಪಥ್ಯ ಬಿಗಿಯಾಯಿತು. "ಎಲ್ಲೋ ಎಂತದೋ ನಂಜು ಆಗಿದೆ" ಎಂದು ತೊವ್ವೆಗೆ ಹಾಕುತ್ತಿದ್ದ ಎರಡು ಕೊತ್ತಂಬರಿ ಎಲೆಯನ್ನೂ ನಿಲ್ಲಿಸಿದಳು.

ನನ್ನೊಳಗೆ ಬೇರೆ ಏನೋ ನಡೆಯುತ್ತಿತ್ತು. ಬೆಳಿಗ್ಗೆ ಬ್ರಷ್ ಮಾಡಿದರೆ ಬಾಯಿ ತುಂಬ ರಕ್ತ. ಒಸಡು ಊದಿ ಹಲ್ಲಿನ ಮೇಲೆ ಹತ್ತಿಕೊಂಡಿತ್ತು. ಯಾವುದಕ್ಕೂ ತಾಗದೆಯೇ ಮೀನಖಂಡದಲ್ಲಿ ನೇರಳೆ ಬಣ್ಣದ ಕಲೆಗಳು. ಬಾತ್‌ರೂಮಿಗೆ ಹತ್ತು ಹೆಜ್ಜೆ, ಆ ಹತ್ತು ಹೆಜ್ಜೆಗೆ ಕಾಲು ಅಳುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು, ಯಾವುದೂ ಬೇಡವೆನಿಸುವ ಆ ಸುಸ್ತು. ಒಂದು ಮಧ್ಯಾಹ್ನ ಅಮ್ಮನಿಗೆ ಹೇಳಿದೆ, "ಆ ಕೆಲಸ ಹೋದ್ರೆ ಹೋಗ್ಲಿ ಅಮ್ಮ."

ಅಮ್ಮ ಗಂಜಿ ಕಲಸುತ್ತಿದ್ದ ಕೈಯನ್ನು ನಿಲ್ಲಿಸಿದಳು. "ಹಾಗೆ ಹೇಳಿದ್ರೆ ಬಾಯಿಗೆ ಹೊಡೀತೇನೆ. ನಿನ್ನ ಅಪ್ಪ ಆ ಹೊಗೆಯಲ್ಲಿ ನಿಂತದ್ದು ಎಂತಕ್ಕೆ?" ಎಂದಳು. ಹೊಡೆಯಲಿಲ್ಲ. ಅತ್ತ ತಿರುಗಿ ಕಿಟಕಿ ನೋಡುತ್ತಾ ನಿಂತಳು.

ನಾನು ಡಿಗ್ರಿ ಮಾಡಿದವಳು. ಶಾಲೆಯಲ್ಲಿ 'ಹೊಂದಿಸಿ ಬರೆಯಿರಿ' ಎಂಬ ಪ್ರಶ್ನೆಗೆ ಸ್ಕರ್ವಿಯಿಂದ ವಿಟಮಿನ್ ಸಿಗೆ ಗೆರೆ ಎಳೆದು ಅಂಕ ಪಡೆದವಳು. ಅದೇ ರೋಗ ನನ್ನ ಬಾಯಲ್ಲಿ ಕೂತಿದ್ದಾಗ ನನಗೆ ಗುರುತು ಸಿಗಲಿಲ್ಲ.

ಗುರುತು ಹಿಡಿದದ್ದು ಶ್ವೇತಾ. ಆ ಆಸ್ಪತ್ರೆಯಲ್ಲಿ ರೋಗಿಗಳ ಊಟ ನೋಡಿಕೊಳ್ಳುವ ಡಯೆಟಿಷಿಯನ್, ನನಗಿಂತ ಒಂದೆರಡು ವರ್ಷ ಚಿಕ್ಕವಳು. ಶಹಾಡ್‌ನಲ್ಲಿ ಮನೆ. ದಿನಾ ಅಲ್ಲಿಂದ ಠಾಣೆಗೆ ಬಂದು, ಪನವೇಲ್ ಗಾಡಿಗೆ ಬದಲಾಯಿಸಿ, ಮಾನಸರೋವರ ಸ್ಟೇಷನ್ನಿನಲ್ಲಿ ಇಳಿದು ಬರುತ್ತಿದ್ದಳು. ಇಷ್ಟು ದಿನ ಬೇರೆ ಮಹಡಿಯಲ್ಲಿದ್ದವಳು ಆ ವಾರ ನಮ್ಮ ವಾರ್ಡಿಗೆ ಬಂದಿದ್ದಳು. ಬಂದ ಮೊದಲ ದಿನವೇ ನನ್ನ ಚಾರ್ಟ್ ನೋಡಿ, "ವಾ, ದಿನಾ ಪೂರ್ತಿ ಊಟ ಮಾಡ್ತೀರಲ್ಲ" ಎಂದಳು. ಟ್ರೇ ಖಾಲಿಯಾಗಿ ಹಿಂದೆ ಹೋಗುತ್ತಿತ್ತಲ್ಲ, ಹಾಗೆಯೇ ಬರೆದುಕೊಂಡಿದ್ದರು.

ಅಷ್ಟರಲ್ಲಿ ಪಕ್ಕದಿಂದ ಆ ಚೀಪುವ ಶಬ್ದ. ಶ್ವೇತಾ ತಿರುಗಿದಳು. ಆಜಿಯ ಕೈಯಲ್ಲಿ ಎರಡು ಅರ್ಧ ಮೋಸಂಬಿ.

"ಒಂದು ನಂದು, ಒಂದು ಈ ಪೋರಿದು" ಎಂದರು ಆಜಿ. ಅವರಿಗೆ ಮುಚ್ಚುಮರೆಯೇನೂ ಗೊತ್ತಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಮ್ಮನಿಗೆ ಬೈಗುಳ ಬೀಳುತ್ತಿತ್ತು. ಹಾಗೆ ಬಿದ್ದದ್ದನ್ನು ಆ ವಾರ್ಡಿನಲ್ಲೇ ಬೇಕಾದಷ್ಟು ನೋಡಿದ್ದೇನೆ. ಶ್ವೇತಾ ಸ್ಟೂಲು ಎಳೆದುಕೊಂಡು ಅಮ್ಮನ ಎದುರು ಕೂತಳು. ಚಿಕ್ಕಮ್ಮನನ್ನು ಕರೆಯುವಂತೆ "ಕಾಕು" ಎಂದಳು. "ಕಾಕು, ನಿನ್ನೆ ಏನೇನು ಕೊಟ್ರಿ ಹೇಳಿ. ಮೊನ್ನೆ? ಆಪರೇಷನ್‌ಗಿಂತ ಮುಂಚೆ?" ಅಮ್ಮ ತನ್ನ ತರಕಾರಿ ಮಾರ್ಕೆಟ್ಟಿನ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದಳು. ಕೇಳುವವರು ಸಿಕ್ಕಿದ ಸಂತೋಷದಿಂದ, ಹೆಮ್ಮೆಯಿಂದಲೇ ಹೇಳಿದಳು. ಯಾವ ಅಕ್ಕಿ, ಎಷ್ಟು ಹೊತ್ತು ಬೇಯಿಸುತ್ತಾಳೆ, ಯಾವುದೆಲ್ಲ ನಂಜು. ಶ್ವೇತಾ ಒಂದೂ ಬಿಡದೆ ಬರೆದುಕೊಂಡಳು. ಆಮೇಲೆ ನನಗೆ ಬಾಯಿ ತೆರೆಯಲು ಹೇಳಿದಳು. ಹೊದಿಕೆ ಸರಿಸಿ ಕಾಲು ನೋಡಿದಳು. ಕಾಲಿನ ಕೂದಲು ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿತ್ತು, ಒಂದೊಂದರ ಬುಡದಲ್ಲೂ ಕೆಂಪು ಚುಕ್ಕಿ. ನಾನು ಅದನ್ನು ನೋಡಿಯೇ ಇರಲಿಲ್ಲ.

ಬರೆದ ಪುಸ್ತಕ ಮುಚ್ಚಿ ಎದ್ದು ಹೋದಳು. ಅರ್ಧ ಗಂಟೆಯಲ್ಲಿ ಸರ್ಜನ್‌ರನ್ನು ಕರೆದುಕೊಂಡೇ ಬಂದಳು. ಅವರು ದೊಡ್ಡ ಮನುಷ್ಯರು, ಸುತ್ತಲೂ ಜೂನಿಯರ್‌ಗಳು. ಆಕೆಯ ಪುಸ್ತಕ ಓದಿದರು, ನನ್ನ ಒಸಡು ನೋಡಿದರು, ಕಾಲು ನೋಡಿದರು. ಎಲ್ಲರ ಎದುರಿಗೇ ಹೇಳಿದರು: "ನಾನು ಇಷ್ಟು ದಿನ ಹೊಟ್ಟೆ ನೋಡಿದೆ, ತಟ್ಟೆ ನೋಡಲಿಲ್ಲ." ಆ ಮಾತಿಗೆ ನನಗೆ ಅವರ ಮೇಲೆ ಇವತ್ತಿಗೂ ಗೌರವ.

ರಕ್ತವನ್ನು ಪರೀಕ್ಷೆಗೆ ಹೊರಗೆ ಕಳಿಸಬೇಕಿತ್ತು, ಉತ್ತರಕ್ಕೆ ದಿನ ಹಿಡಿಯುತ್ತದೆ. ಅದಕ್ಕೆ ಕಾಯದೆ ಅವತ್ತೇ ವಿಟಮಿನ್ ಸಿ ಔಷಧ ಶುರು ಮಾಡಿದರು. ಉಳಿದದ್ದು ಊಟ. ಅಮ್ಮ ಡಬ್ಬಿ ತೊಳೆಯಲು ಹೋಗಿದ್ದಾಗ ಶ್ವೇತಾ ನನ್ನನ್ನು ಮೆಲ್ಲಗೆ ಕೇಳಿದಳು, "ಕಾಕುಗೆ ನೀವು ಹೇಳ್ತೀರಾ, ನಾನು ಹೇಳ್ಲಾ?"

ಡಿಗ್ರಿ ಇದ್ದವಳು ನಾನೇ ಹೇಳಬೇಕಿತ್ತು. ತನ್ನ ಕೈಯಾರೆ ಮಾಡಿ ಉಣಿಸಿದ್ದರಿಂದಲೇ ಮಗಳ ಗಾಯ ಬಿಚ್ಚಿತು ಎಂದು ತಾಯಿಗೆ ಹೇಳುವುದು ಹೇಗೆ? "ನನ್ನಿಂದ ಆಗಲ್ಲ" ಎಂದೆ.

ಅಮ್ಮ ಬಂದಳು. ಶ್ವೇತಾ ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಳು. ಮೇಲೆ 'ಪಥ್ಯ' ಎಂಬ ತಲೆಬರಹ. ಪಥ್ಯಕ್ಕೆ ಮರಾಠಿಯಲ್ಲೂ ಅದೇ ಪದ. ಬರೆದದ್ದನ್ನು ಅಮ್ಮನಿಗೆ ಓದಿಯೂ ಹೇಳಿದಳು. "ಕಾಕು, ಇವತ್ತಿನಿಂದ ಪಥ್ಯ ಬದಲಾಗಿದೆ. ಬೆಳಿಗ್ಗೆ ಎಂಟಕ್ಕೆ ಒಂದು ನೆಲ್ಲಿಕಾಯಿ. ಹನ್ನೊಂದಕ್ಕೆ ಒಂದು ಮೋಸಂಬಿ. ಊಟಕ್ಕೆ ಲಿಂಬೆ, ಅದು ಒಲೆಯ ಮೇಲೆ ಹೋಗಕೂಡದು. ಸಂಜೆ ಪೇರಳೆ. ಒಂದು ಹೊತ್ತೂ ತಪ್ಪಬಾರದು. ಇದನ್ನು ನಿಮ್ಮಷ್ಟು ಕಟ್ಟುನಿಟ್ಟಾಗಿ ಮಾಡುವವರು ಈ ವಾರ್ಡಿನಲ್ಲಿ ಬೇರೆ ಯಾರೂ ಇಲ್ಲ."

ಅಮ್ಮನ ಮುಖ ಬಿಳಿಚಿತು. "ಹುಳಿಯಾ? ಹಸಿ ಗಾಯಕ್ಕೆ?"

"ಪಥ್ಯ ಕಾಕು" ಎಂದಳು ಶ್ವೇತಾ. ಅಷ್ಟೇ.

ಪಥ್ಯ ಬೇಡ ಎಂದು ಹೇಳಿದ್ದರೆ ಅಮ್ಮ ವಾದ ಮಾಡುತ್ತಿದ್ದಳು. ಹಣ್ಣು ಒಳ್ಳೆಯದು ಎಂದಿದ್ದರೆ ತಲೆಯಾಡಿಸಿ ಆಜಿಗೆ ಕೊಡುತ್ತಿದ್ದಳು. ಪಥ್ಯ ಎಂದರೆ ಮುರಿಯುವವಳಲ್ಲ. ಒಂದೇ ಮಧ್ಯಾಹ್ನದಲ್ಲಿ ಅದನ್ನು ಕಂಡುಕೊಂಡ ಆ ಹುಡುಗಿಯ ಬುದ್ಧಿಯನ್ನು ನಾನು ಎಷ್ಟು ಹೊಗಳಿದರೂ ಸಾಲದು. ಓದು ನನಗೂ ಇತ್ತು. ಓದನ್ನು ಎದುರಿಗಿರುವವರ ಕೈಗೆ ಹೇಗೆ ಕೊಡಬೇಕೆಂಬುದು ಅವಳಿಗೆ ಗೊತ್ತಿತ್ತು.

ಮರುದಿನ ಹೋಟೆಲಿಗೆ ವಾರದ ರಜೆ, ಅಪ್ಪ ಬಂದರು. ಅಮ್ಮ ಅವರಿಗೆ ಹಾಳೆ ತೋರಿಸಿ, "ಲಿಂಬೆ ಒಲೆಯ ಮೇಲೆ ಹೋಗ್ಬಾರ್ದಂತೆ, ಹಸಿಯಾಗಿಯೇ ಕೊಡ್ಬೇಕಂತೆ" ಎಂದಳು, ಇದೂ ಒಂದು ವಿಚಿತ್ರ ಎನ್ನುವಂತೆ.

ಅಪ್ಪ ನಕ್ಕರು. ತಿಂಗಳಾಗಿತ್ತು ಅವರು ನಕ್ಕದ್ದನ್ನು ನೋಡಿ. "ಮತ್ತೆ? ಕುದಿಯುವ ಸಾರಿಗೆ ಲಿಂಬೆ ಹಿಂಡುವವ ಅಡುಗೆಯವನಾ? ಒಲೆ ಆರಿಸಿ, ಇಳಿಸಿ, ಆಮೇಲೆ ಹಿಂಡುದು. ಆ ಹುಡುಗಿಗೆ ಯಾರು ಹೇಳಿಕೊಟ್ಟದ್ದು?"

"ಕಾಲೇಜಲ್ಲಿ ಅಪ್ಪ."

"ಕಾಲೇಜಲ್ಲಿ ಅಡುಗೆಯನ್ನೂ ಸರಿಯಾಗಿ ಕಲಿಸ್ತಾರಾ!" ಎಂದರು. ತಾವೇ ಅಕ್ಕನ ಮನೆಗೆ ಹೋಗಿ ತಿಳಿಸಾರು ಮಾಡಿ ತಂದರು. ನನ್ನ ಎದುರಿಗೇ ಲಿಂಬೆ ಕೊಯ್ದು, ಬಟ್ಟಲಿನ ಮೇಲೆ ಹಿಂಡಿದರು. ಆ ವಾಸನೆ ಮೂಗಿಗೆ ಬಂದದ್ದೇ ನನ್ನ ಬಾಯಲ್ಲಿ ನೀರೂರಿ, ಕಿವಿಯ ಕೆಳಗೆ ಚುರುಕ್ ಎಂದಿತು. ಊದಿದ ಒಸಡಿಗೆ ಉರಿಯೂ ಉರಿ. ಅಳುತ್ತಾ ಕುಡಿದೆ. ಎರಡನೇ ಬಟ್ಟಲು ಕೇಳಿದೆ.

ಎರಡು ದಿನಕ್ಕೆ ಆ ಸುಸ್ತು ಸರಿದುಹೋಯಿತು. ಯಾರೋ ಎದೆಯ ಮೇಲಿಟ್ಟ ಅಕ್ಕಿ ಮೂಟೆ ಇಳಿಸಿದ ಹಾಗಾಯಿತು. ವಾರದೊಳಗೆ ಬ್ರಷ್ಷಿನಲ್ಲಿ ರಕ್ತ ನಿಂತಿತು. ಆಮೇಲೆ ಒಂದು ಬೆಳಿಗ್ಗೆ ಡ್ರೆಸ್ಸಿಂಗ್ ಮಾಡುವ ಸಿಸ್ಟರ್ ಗಾಯದ ಮೇಲಿನ ಬಟ್ಟೆ ತೆಗೆದು, ಬಗ್ಗಿ ನೋಡಿ, "ಅರೇ, ಇದು ಕೆಂಪಾಗ್ತಿದೆ!" ಎಂದು ಇನ್ನೊಬ್ಬ ಸಿಸ್ಟರನ್ನು ಕರೆದು ತೋರಿಸಿದರು. ಗಾಯದ ತಳದಲ್ಲಿ ದಾಳಿಂಬೆ ಕಾಳಿನ ಹಾಗೆ ಹೊಸ ಮಾಂಸ ಎದ್ದಿತ್ತು.

ಆ ವಾರವೇ ರಕ್ತದ ವರದಿ ಬಂತು. ಅಂದುಕೊಂಡದ್ದೇ ಸರಿ, ವಿಟಮಿನ್ ಸಿ ಅಳೆಯಲೂ ಸಿಗದಷ್ಟು ಕಡಿಮೆ. ನನ್ನನ್ನು ನೋಡಲು ಬಂದ ದೊಡ್ಡಪ್ಪ ಅದನ್ನು ಕೈಗೆತ್ತಿಕೊಂಡು, ಜೂನಿಯರ್ ಡಾಕ್ಟರನ್ನು ಕೇಳಿ ತಿಳಿದುಕೊಂಡರು. ಮೊದಲು ಹೇಳಿದೆನಲ್ಲ, ಆ ಮಾತುಗಳನ್ನೆಲ್ಲ ಅವರು ಆಡಿದ್ದು ಅವತ್ತೇ. ಕೊನೆಗೆ ಅಮ್ಮನ ಎದುರಿಗೇ ಅಂದುಬಿಟ್ಟರು: "ಹುಳಿ ಕೊಡದ್ದಕ್ಕೆ ಬಂದದ್ದಂತೆ! ಬರೀ ಗಂಜಿ ಕೊಟ್ಟದ್ದಕ್ಕೆ ಗಾಯ ಕೂಡ್ಲಿಲ್ಲವಂತೆ!"

ಅಮ್ಮ ಮೋಸಂಬಿ ಸುಲಿಯುತ್ತಿದ್ದಳು. ಸುಲಿದು ಮುಗಿಸಿದಳು. ಹನ್ನೊಂದು ಗಂಟೆಯಾಗಿತ್ತು, ನನ್ನ ಕೈಗೆ ಕೊಟ್ಟಳು. ಆಮೇಲೆ ಎದ್ದು ಹೊರಗೆ ಹೋದಳು. ಕಾರಿಡಾರಿನಲ್ಲಿ ಶ್ವೇತಾಳನ್ನು ನಿಲ್ಲಿಸಿದ್ದು ನನಗೆ ಬಾಗಿಲಿನಿಂದ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು.

"ಖರೆ ಹೇಳಮ್ಮ. ನಾನು ಮಾಡಿದ್ದಾ?"

ಶ್ವೇತಾ ಇಲ್ಲ ಎಂದು ಸುಳ್ಳು ಹೇಳಲಿಲ್ಲ. "ಕಾಕು, ನಿಮಗೆ ತಪ್ಪು ಚೀಟಿ ಸಿಕ್ಕಿತ್ತು. ನೀವು ಅದನ್ನು ಒಂದಕ್ಷರ ಬಿಡದೆ ಪಾಲಿಸಿದ್ರಿ. ನಮ್ಮದೂ ತಪ್ಪು. ಖಾಲಿ ಟ್ರೇ ನೋಡಿ ಪೂರ್ತಿ ಊಟ ಅಂತ ಬರೆದ್ವಿ, ಯಾರು ತಿಂದ್ರು ಅಂತ ಒಬ್ಬರೂ ಕೇಳ್ಲಿಲ್ಲ. ಈಗ ಸರಿ ಚೀಟಿ ಕೊಟ್ಟಿದ್ದೀವಿ, ಅದನ್ನೂ ನೀವು ಹಾಗೇ ಪಾಲಿಸ್ತಿದ್ದೀರಿ. ಗಾಯ ಕೂಡ್ತಿರೋದು ನಿಮ್ಮ ಕೈಯಿಂದಲೇ." ಸ್ವಲ್ಪ ತಡೆದು ಹೇಳಿದಳು, "ನಮ್ಮ ಮನೇಲೂ ನಾನೇ ಮೊದಲು ಕಾಲೇಜು ನೋಡಿದ್ದು. ನನ್ನನ್ನು ಹೆತ್ತ ಆಯಿಯೂ ಹೀಗೇ ಗಂಜಿ ಹಾಕ್ತಿದ್ದಳು."

ಅಮ್ಮ ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. ಆಜಿ ತಮ್ಮ ಟ್ರೇಯಿಂದ ಅರ್ಧ ಮೋಸಂಬಿ ಎತ್ತಿ ನನ್ನ ಕಡೆ ಚಾಚಿದರು. "ತಗೋ ಪೋರಿ, ಸಾಲ ವಾಪಸ್." ಅಮ್ಮ ನಕ್ಕು ಅತ್ತಳೋ, ಅತ್ತು ನಕ್ಕಳೋ, ಹೇಳುವುದು ಕಷ್ಟ.

ಆಜಿ ಅಂದಂತೆಯೇ ನನಗಿಂತ ಮೊದಲು ಮನೆಗೆ ಹೋದರು. ಎರಡು ವಾರದ ನಂತರ ನಾನು ಅಕ್ಕನ ಮನೆಗೆ ಹೋದೆ. ಗಾಯ ಚಿಕ್ಕದಾಗುತ್ತಾ ಬಂದು, ಕೊನೆಗೆ ಒಂದು ಲಿಂಬೆಬೀಜದಷ್ಟು ಉಳಿದು, ಅದೂ ಮುಚ್ಚಿತು. ಆಫೀಸಿನ ಕೊನೆಯ ದಿನಾಂಕಕ್ಕೆ ಮೂರು ದಿನ ಇರುವಾಗ ಸರ್ಜನ್‌ರ ಕೋಣೆಗೆ ಹೋದೆವು. ಅಮ್ಮ ಬಂದಳು. ನಮ್ಮನ್ನು ಕರೆದುಕೊಂಡು ಹೋಗಲು ದೊಡ್ಡಪ್ಪ ಡೊಂಬಿವಲಿಯಿಂದ ಕಾರು ತಂದಿದ್ದರು. ಶ್ವೇತಾ ತನ್ನ ರೌಂಡು ಬಿಟ್ಟು ಬಂದು ಬಾಗಿಲ ಹತ್ತಿರ ನಿಂತಿದ್ದಳು.

ಸರ್ಜನ್ ಹೊಟ್ಟೆಯನ್ನು ಒತ್ತಿ ನೋಡಿದರು, ಕೆಮ್ಮಿಸಿ ನೋಡಿದರು, ಫಾರ್ಮಿಗೆ ಕೈಹಾಕಿದರು. ಆಫೀಸಿನ ಫಾರ್ಮಿನಲ್ಲಿ ಯಾವ ಕಾಯಿಲೆಯಿಂದ ತಡವಾಯಿತು ಎಂಬ ಒಂದು ಜಾಗ ಇತ್ತು. ಅಲ್ಲಿ ಅವರ ಪೆನ್ನು ನಿಂತಿತು.

ದೊಡ್ಡಪ್ಪ ಮುಂದೆ ಬಗ್ಗಿದರು. "ಡಾಕ್ಟ್ರೇ, ಅಪೆಂಡಿಕ್ಸ್ ಅಂತ ಬರೆದ್ರೆ ಸಾಕಲ್ವಾ? ಆ ಇನ್ನೊಂದು ಹೆಸರು ಬೇಡ. ಹೋಟೆಲಿನವರ ಮನೆ ನಮ್ಮದು."

ನನಗೂ ಒಳಗೊಳಗೆ ಹಾಗೆಯೇ ಅನಿಸಿತ್ತು, ಅಮ್ಮನ ಸಲುವಾಗಿ. ಅವಳು ದೊಡ್ಡಪ್ಪನ ಎದುರು ಕೂತು ಮಾತಾಡಿದ್ದನ್ನು ನಾನು ಇಷ್ಟು ವರ್ಷಗಳಲ್ಲಿ ನೋಡಿಲ್ಲ. ಅವತ್ತು ಕುರ್ಚಿಯಿಂದ ಏಳಲೂ ಇಲ್ಲ. "ದೋನೀ ಲಿಹಾ ಡಾಕ್ಟರ್, ಎರಡೂ ಬರೀರಿ" ಎಂದಳು.

ಸರ್ಜನ್ ಒಮ್ಮೆ ಅವಳನ್ನು ನೋಡಿ, ಎರಡೂ ಹೆಸರು ಬರೆದು, ಸಹಿ ಹಾಕಿ, ಮೊಹರು ಒತ್ತಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಅಮ್ಮನಿಗೆ ಕೊಟ್ಟೆ. ಇಂಗ್ಲಿಷ್ ಬಾರದವಳು, "ಎಲ್ಲುಂಟು ಅದು?" ಎಂದು ಕೇಳಿದಳು. ಬೆರಳಿಟ್ಟು ತೋರಿಸಿದೆ. ಶಾಯಿ ಒರೆಸಿಹೋಗದ ಹಾಗೆ, ಆ ಅಕ್ಷರಗಳ ಕೆಳಗೆ ತನ್ನ ಬೆರಳನ್ನು ಒಮ್ಮೆ ಎಳೆದಳು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿದಳು.

"ಹೆಸರು ಇರ್ಲಿ ಭಾವ. ಪಥ್ಯ ಮಾಡಿದ್ದು ನಾನು, ನಾಚಿಕೆ ಆಗ್ಬೇಕಾದ್ರೆ ನನಗೆ ಆಗ್ಲಿ. ಇನ್ನೊಬ್ಬಳು ಯಾರೋ ಮಗಳ ಟ್ರೇಯಿಂದ ಮೋಸಂಬಿ ತೆಗ್ದು ಪಕ್ಕದ ಮಂಚಕ್ಕೆ ಕೊಡುವ ಮೊದಲು ಇವಳು ಇದನ್ನು ಕನ್ನಡದಲ್ಲಿ ಬರೀಲಿ. ಓದಿಸಿದ್ದು ಮತ್ತೆ ಎಂತಕ್ಕೆ?"